ಬಂಡೆಯ ಮೇಲಿನ ಮಂಗಳಾ

ನಮ್ಮೂರಲ್ಲಿ ಹೊಳೆ ದಾಟಿ ಬಂಡೆಗೆ ಹೋಗುವವರು ಜೋಡಿಯಿಲ್ಲದೆ ಹೋಗುವುದಿಲ್ಲ. ಬಂಡೆಯ ಮೇಲೆ ಬಣ್ಣ ಇಲ್ಲ. ದೋಣಿ ನಡುಹೊಳೆ ದಾಟುತ್ತಿದ್ದಂತೆ ಮೊದಲು ಕೆಂಪು ಹೋಗುತ್ತದೆ, ಆಮೇಲೆ ಹಸಿರು, ಆಮೇಲೆ ಉಳಿದದ್ದು. ಬಂಡೆಗೆ ಕಾಲಿಡುವ ಹೊತ್ತಿಗೆ ಉಟ್ಟ ಸೀರೆ, ಹಣೆಯ ಕುಂಕುಮ, ಕೈಯ ಬಳೆ ಎಲ್ಲವೂ ಸುಣ್ಣ, ಬೂದಿ, ಮಸಿ ಇಷ್ಟರೊಳಗೇ ಬಂದುಬಿಟ್ಟಿರುತ್ತವೆ. ವಾಪಸ್ ಬಂದರೆ ಬಣ್ಣವೂ ವಾಪಸ್ ಬರುತ್ತದೆ. ಅಲ್ಲಿ ಒಬ್ಬರೇ ಇದ್ದು ಬಂದವರ ಕಣ್ಣಿಗೆ ಮಾತ್ರ ಮತ್ತೆ ಬರುವುದಿಲ್ಲ. ಇದು ಹೀಗೇಕೆ ಎಂದು ನಮ್ಮಲ್ಲಿ ಯಾರೂ ತಲೆ ಕೆಡಿಸಿಕೊಂಡವರಲ್ಲ. ಬಲೆ ಒಣಗಿಸಲು, ಮೇಕೆ ಮೇಯಿಸಲು ಹೋಗುವವರು ಜೊತೆಗೊಬ್ಬರನ್ನು ಕರೆದುಕೊಂಡು ಮಾತಾಡುತ್ತಾ ಹೋಗಿ ಮಾತಾಡುತ್ತಾ ಬರುತ್ತಾರೆ. ಬುತ್ತಿಯಲ್ಲಿ ಹಸಿಮೆಣಸಿನಕಾಯಿ ಯಾವುದು, ಹಣ್ಣಾದದ್ದು ಯಾವುದು ಎಂದು ಮೂಸಿ ನೋಡಿ ಕಚ್ಚುತ್ತಾರೆ. ಗಂಡಿನ ಮನೆಯ ಬಗ್ಗೆ ವಿಚಾರಿಸುವಾಗ ಕುಡಿತ, ಇಸ್ಪೀಟು ಎಲ್ಲ ಕೇಳಿಯಾದ ಮೇಲೆ, "ಹುಡುಗ ಬಂಡೆ ಮೇಲೆ ಒಂಟಿಯಾಗಿ ಇದ್ದವನಲ್ಲ ತಾನೆ?" ಎಂದು ಮೆಲ್ಲಗೆ ಕೇಳುವುದೂ ಉಂಟು.

ನಾನು ರವಿಕೆ ಹೊಲಿಯುವವಳು. ಬೀದಿ ಕಡೆಯ ಕಿಟಕಿಗೆ ಮೆಷಿನ್ನು ಹಾಕಿಕೊಂಡು, ದಾರದುಂಡೆಗಳ ಡಬ್ಬಿ ತೊಡೆಯ ಪಕ್ಕ ಇಟ್ಟುಕೊಂಡು ಕೂತರೆ ಊರೆಲ್ಲ ನನ್ನ ಮುಂದೆಯೇ ಹಾದುಹೋಗುತ್ತದೆ. ನನ್ನ ಗಂಡ ಲೋಕಪ್ಪ ನಾಟಕದ ಕಂಪನಿಯಲ್ಲಿ ಹಾಸ್ಯದ ಪಾರ್ಟು ಮಾಡುತ್ತಿದ್ದರು. ರಾಜನ ಹಿಂದೆ ಓಡಾಡುವ ಪೆದ್ದ, ಹೆಂಡತಿಯ ಕೈಲಿ ಏಟು ತಿನ್ನುವ ಶೆಟ್ಟಿ, ಕೋಲು ಕಳೆದುಕೊಂಡ ಕುರುಡ. ಮೀಸೆ ಬರುವ ಮೊದಲು ಹೆಣ್ಣು ಪಾರ್ಟನ್ನೂ ಮಾಡಿದ್ದವರು. ರಾಜನ ಪಾರ್ಟು ಮಾತ್ರ ಯಾರೂ ಕೊಡಲಿಲ್ಲ. ಅದರ ಕೊರಗು ಅವರಿಗೆ ಎಷ್ಟಿತ್ತೆಂದು ನನಗೊಬ್ಬಳಿಗೇ ಗೊತ್ತಿತ್ತು.

ನಮ್ಮವರಿಗೆ ಒಬ್ಬರೇ ಇರಲು ಬರುತ್ತಿರಲಿಲ್ಲ. ಸ್ನಾನಕ್ಕೆ ಹೋದರೆ ಬಚ್ಚಲಿನ ಬಾಗಿಲ ಹೊರಗೆ ನಾನು ನಿಂತು ಮಾತಾಡುತ್ತಿರಬೇಕು. ಊಟಕ್ಕೆ ಯಾರೂ ಸಿಗದಿದ್ದರೆ ಬೀದಿಯಲ್ಲಿ ಹೋಗುವ ಪಾತ್ರೆ ವ್ಯಾಪಾರಿಯನ್ನಾದರೂ ಕರೆದು ಕೂರಿಸುತ್ತಿದ್ದರು. ನಾನು ಮುನಿಸಿಕೊಂಡು ಮಾತು ಬಿಟ್ಟ ದಿನ ನನ್ನ ದನಿಯನ್ನೇ ತೆಗೆದು, "ರೀ, ನಾನೇ ತಪ್ಪು ಮಾಡ್ದೆ, ಹೋಗ್ಲಿ ಬಿಡಿ" ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡು ಅಕ್ಕಪಕ್ಕದವರನ್ನು ನಗಿಸುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ನಗು ಬರುತ್ತಿತ್ತು. ಇಂಥವರನ್ನು ಹುಡುಕಿಕೊಂಡು ಸಿನಿಮಾದವರು ಬಂದರು.

ಡೈರೆಕ್ಟರನ ಹೆಸರು ವಿಶ್ವಂಭರ. ಮೃದುವಾಗಿ ಮಾತಾಡುವ ಮನುಷ್ಯ. ನೀರು ಕೊಟ್ಟರೂ ಎದ್ದು ನಿಂತು ತೆಗೆದುಕೊಳ್ಳುತ್ತಿದ್ದ. ಬಂಡೆಯ ಮೇಲೆ ಹಿಂದಿನವರು ಕಟ್ಟಿದ ಪ್ಲೇಗಿನ ಮನೆ ಇದೆ. ರೋಗ ಬಂದವರನ್ನು ಆಗ ಅಲ್ಲಿ ಒಯ್ದು ಇಡುತ್ತಿದ್ದರಂತೆ. ರೋಗಿಗಳೆಲ್ಲ ಸತ್ತ ಮೇಲೂ ಅಲ್ಲೇ ಉಳಿದುಹೋದ ಕಾವಲುಗಾರನೊಬ್ಬನ ಕಥೆ ಆತನ ಸಿನಿಮಾ. ಕರೆದೊಯ್ಯಲು ಯಾರೂ ಬರುವುದಿಲ್ಲ. ಅವನಿಗೆ ಮೆಲ್ಲಮೆಲ್ಲಗೆ ಹುಚ್ಚು ಹಿಡಿಯುತ್ತದೆ. ನೋಡಿದವರ ರಕ್ತ ತಣ್ಣಗಾಗಬೇಕು, ಅಂಥ ಕಪ್ಪುಬಿಳುಪು ಚಿತ್ರ. "ಇಂಥ ಕಪ್ಪು, ಇಂಥ ಬಿಳುಪು ಯಾವ ಲ್ಯಾಬಲ್ಲೂ ಸಿಗಲ್ಲ" ಎಂದು ಬಂಡೆ ನೋಡಿ ಬಂದ ದಿನ ಆತ ಹೋಟೆಲಿನಲ್ಲಿ ಹೇಳಿದ್ದು ಊರಿಗೆಲ್ಲ ಹರಡಿತು. ನಮ್ಮ ಜನಕ್ಕೆ ಹೆಮ್ಮೆಯೋ ಹೆಮ್ಮೆ. ಇಷ್ಟು ಕಾಲ ಬಂಡೆ ಎಂದರೆ ದನಿ ತಗ್ಗಿಸುತ್ತಿದ್ದವರು ಈಗ ಎದೆಯುಬ್ಬಿಸಿ ದಾರಿ ತೋರಿಸಲು ನಿಂತರು.

ಪಟ್ಟಣದಿಂದ ಕರೆತಂದಿದ್ದ ದೊಡ್ಡ ನಟ ಬಂಡೆಯ ಮೇಲೆ ಅರ್ಧ ದಿನ ಇದ್ದ. ಕನ್ನಡಿಯಲ್ಲಿ ಬೂದಿಬಣ್ಣದ ತನ್ನ ನಾಲಿಗೆ ನೋಡಿಕೊಂಡು ಕಿರುಚಿ, ಅದೇ ಸಂಜೆಯ ಬಸ್ಸು ಹತ್ತಿದ. ಆಗ ಯಾರೋ ವಿಶ್ವಂಭರನನ್ನು ನಾಟಕಕ್ಕೆ ಕರೆದುಕೊಂಡು ಹೋಗಿದ್ದಾರೆ. ನಮ್ಮವರು ಅಂದು ಕೋಲು ಕಳೆದುಕೊಂಡ ಕುರುಡನ ಪಾರ್ಟಿನಲ್ಲಿದ್ದರು. ಜನ ಬಿದ್ದು ಬಿದ್ದು ನಗುತ್ತಿದ್ದರೆ ಆತನೊಬ್ಬ ನಗದೆ ನೋಡುತ್ತಿದ್ದನಂತೆ. ಮರುದಿನ ನಮ್ಮ ಮನೆಗೆ ಬಂದ. "ಇಷ್ಟು ವರ್ಷ ಇವರು ನಿಮ್ಮನ್ನ ನೋಡಿ ನಕ್ಕಿದ್ದಾರೆ. ನಿಮ್ಮ ಕಣ್ಣಲ್ಲಿ ಇರೋದನ್ನ ಒಬ್ಬರೂ ನೋಡಿಲ್ಲ" ಎಂದ. ನಮ್ಮವರು ಆ ಮಾತಿಗೆ ಅಲ್ಲೇ ಕರಗಿಹೋದರು. ಕೂತಲ್ಲೇ ತಲೆಯಾಡಿಸಿದರು.

ಷರತ್ತು ಗೊತ್ತಾದದ್ದು ಆಮೇಲೆ. ಚಿತ್ರ ಮುಗಿಯುವವರೆಗೂ ಪಾರ್ಟುದಾರ ಬಂಡೆಯ ಮೇಲೆ ಒಬ್ಬನೇ ಇರಬೇಕು. ಚಿತ್ರ ತೆಗೆಯುವವರು ಬೆಳಿಗ್ಗೆ ಹೋಗಿ ಸಂಜೆ ಬರುತ್ತಾರೆ, ಆದರೆ ಯಾರೂ ಅವನೊಡನೆ ಮಾತಾಡಬಾರದು, ಮುಖ ಕೊಟ್ಟು ನೋಡಲೂ ಬಾರದು. ನಾನು ಕತ್ತರಿ ಕೆಳಗಿಟ್ಟು ಎದ್ದೆ. "ಸಾರ್, ಅಲ್ಲಿ ಯಾರೂ ಒಬ್ಬರೇ ಇರಲ್ಲ. ಇವರಂತೂ ಪಕ್ಕದ ಕೋಣೇಲೂ ಒಬ್ಬರೇ ಇರಲ್ಲ."

"ಅದಕ್ಕೇ ಅಮ್ಮಾ, ನನಗೆ ಇವರೇ ಬೇಕಾಗಿರೋದು" ಎಂದ ವಿಶ್ವಂಭರ. ದನಿಯಲ್ಲಿ ಒರಟುತನ ಇರಲಿಲ್ಲ. "ಒಂಟಿತನ ಅಭ್ಯಾಸ ಇರೋವ್ರಿಗೆ ಅದು ಏನೂ ಮಾಡಲ್ಲ."

"ಬಣ್ಣ ವಾಪಸ್ ಬರಲ್ಲ ಸಾರ್."

"ಬಣ್ಣ ಹಚ್ಚೋದೇ ನನ್ನ ಕಸುಬು ಮಂಗಳಾ" ಎಂದು ನಮ್ಮವರು ನಡುವೆ ಬಾಯಿ ಹಾಕಿದರು. ಅವರ ಮುಖ ನೋಡಿದೆ. ನಾಟಕದಲ್ಲಿ ರಾಜನ ಪಾರ್ಟಿನವನು ಕಿರೀಟ ಇಟ್ಟುಕೊಳ್ಳುವಾಗ ಇವರು ಪರದೆಯ ಸಂದಿನಿಂದ ನೋಡುತ್ತಿದ್ದ ಮುಖ ಅದು. "ಒಂದು ಸಲ, ಒಂದೇ ಒಂದು ಸಲ ಕಣೇ. ನನ್ನನ್ನ ನೋಡಿ ಜನ ನಗದೇ ಇರೋದನ್ನ ನಾನು ನೋಡಬೇಕು."

ನಾನು ಪುರಸಭೆಯ ಅಧ್ಯಕ್ಷರ ಮನೆಗೆ ಹೋದೆ. ಅವರು ಕುರ್ಚಿ ಕೊಟ್ಟರು, ಕಾಫಿ ತರಿಸಿದರು. ಊರಿಗೆ ಹೆಸರು ಬರುತ್ತದೆ, ಲಾಡ್ಜು ತುಂಬಿದೆ, ಹೋಟೆಲಿನವರು ಹೊಸ ಬೆಂಚು ಹಾಕಿಸಿದ್ದಾರೆ ಎಂದರು. "ಗಂಡ ದೊಡ್ಡ ಮನುಷ್ಯ ಆಗೋವಾಗ ಹೆಂಡತಿ ಅಡ್ಡ ಬರಬಾರದು ತಾಯಿ" ಎಂದರು. ತಮ್ಮ ಮೇಕೆ ಕಾಯುವವನನ್ನೂ ಒಬ್ಬನನ್ನೇ ಬಂಡೆಗೆ ಕಳಿಸದ ಮನುಷ್ಯ ಅವರು.

ನಮ್ಮವರು ಬಂಡೆಗೆ ಹೋದ ದಿನ ದಂಡೆಯಲ್ಲಿ ಊರೇ ಸೇರಿತ್ತು. ಹಾರ ಹಾಕಿದರು. ನಮ್ಮವರು ದೋಣಿಯಿಂದ ನನ್ನ ಕಡೆ ಕೈಬೀಸಿ, ನನ್ನದೇ ದನಿಯಲ್ಲಿ, "ರೀ, ಜೋಪಾನವಾಗಿ ಹೋಗ್ಬನ್ರೀ!" ಎಂದು ಕೂಗಿದರು. ಜನ ಹೋ ಎಂದು ನಕ್ಕರು. ವಿಶ್ವಂಭರ ದೋಣಿಯಲ್ಲಿ ಅವರಿಗೆ ಬೆನ್ನು ಹಾಕಿ ಕೂತಿದ್ದ. ಷರತ್ತು ಆಗಲೇ ಶುರುವಾಗಿತ್ತು.

ನಮ್ಮ ಮನೆಯ ತಾರಸಿ ಬಂಡೆಗೆ ಕಾಣುತ್ತದೆ. ನಾನಿದ್ದೇನೆ ಎಂದು ಅವರಿಗೆ ಗೊತ್ತಾಗಲಿ ಎಂದು ದಿನಾ ಬೆಳಿಗ್ಗೆ ಬಿಳಿ ದುಪಟಿಯೊಂದನ್ನು ತಂತಿಯ ಮೇಲೆ ಹರವುತ್ತಿದ್ದೆ. ಮೊದಮೊದಲು ಅತ್ತ ಕಡೆಯಿಂದಲೂ ಒಂದು ಬಿಳಿ ಚೂರು ಅಲ್ಲಾಡುತ್ತಿತ್ತು, ಅವರ ಪಂಚೆ ಇರಬೇಕು. ಅದು ಹೇಗೋ ವಿಶ್ವಂಭರನ ಕಣ್ಣಿಗೆ ಬಿತ್ತು. ಮೆಟ್ಟಿಲಿನ ಕೆಳಗೆ ನಿಂತು, ಕೈಮುಗಿದು, "ಅಮ್ಮಾ, ನೀವು ಅವರಿಗೆ ಅನ್ನ ಹಾಕಿದ ಹಾಗೆ ಆಗ್ತಿದೆ. ಅವರು ಹಸೀಬೇಕು" ಎಂದು ಬೇಡಿಕೊಂಡ. ನಾನು ಒಪ್ಪಲಿಲ್ಲ. ಮರುದಿನ ಅಧ್ಯಕ್ಷರ ಕಡೆಯವರು ಬಂದು, ತಾರಸಿ ದುರಸ್ತಿ ಎಂದು ಹೇಳಿ, ಬಂಡೆಯ ಕಡೆಗೆ ತಗಡು ನಿಲ್ಲಿಸಿ ಹೋದರು. ಬೀದಿಯವರು ನೋಡಿದರು. ನೋಡಿ ತಮ್ಮ ತಮ್ಮ ಕೆಲಸಕ್ಕೆ ಹೋದರು. ಅವರಲ್ಲಿ ಬಹಳ ಜನ ಆ ಚಿತ್ರದಲ್ಲಿ ಹೆಣವಾಗಿ ಮಲಗಲು ಹೆಸರು ಕೊಟ್ಟಿದ್ದರು.

ದೋಣಿಯ ಖಾಸಿಂ ದಿನಾ ಅವರಿಗೆ ಊಟ ಒಯ್ದು ಬಾಗಿಲಲ್ಲಿಟ್ಟು ಬರುತ್ತಿದ್ದ. ಅವನಿಗೂ ಮಾತಾಡಬಾರದೆಂದು ಕಟ್ಟಪ್ಪಣೆ. ಒಂದು ದಿನ ಹೊಲಿಯಲು ಕೊಡುವ ನೆಪ ಮಾಡಿಕೊಂಡು ಹೆಂಡತಿಯ ರವಿಕೆಬಟ್ಟೆ ಹಿಡಿದು ಬಂದ. ಕಿಟಕಿಯ ಹತ್ತಿರ ಬಗ್ಗಿ, "ಅಕ್ಕಾ, ಅಣ್ಣ ಒಬ್ರೇ ಇಲ್ಲ ಅಲ್ಲಿ" ಎಂದ.

"ಮತ್ಯಾರಿದ್ದಾರೆ?"

ಖಾಸಿಂ ಬಟ್ಟೆಯನ್ನು ಮಡಿಸುತ್ತಾ ಬಿಚ್ಚುತ್ತಾ ನಿಂತ. "ನೀವಿದ್ದೀರ" ಎಂದ.

ನಾನು ಮೆಷಿನ್ನಿಗೆ ಗವಸು ಹಾಕಿ, ಬಾಗಿಲು ಎಳೆದುಕೊಂಡು, ಅವನ ಜೊತೆಯೇ ಹೊರಟೆ.

ಬಂಡೆಯಲ್ಲಿ ಆಗ ಶೂಟಿಂಗ್ ನಡೆಯುತ್ತಿತ್ತು. ಅಷ್ಟು ಜನ ಇದ್ದೂ ಒಂದು ಸದ್ದಿಲ್ಲ. ಎಲ್ಲರೂ ಬರಿಗಾಲಲ್ಲಿದ್ದರು. ನನ್ನ ಸೀರೆ ಬೂದಿಯಾಗಿತ್ತು, ಆಕಾಶ ಒಗೆದ ಅಂಗಿಯ ಹಾಗಿತ್ತು. ಪ್ಲೇಗಿನ ಮನೆಯ ಉದ್ದನೆಯ ಪಡಸಾಲೆಯಲ್ಲಿ ನಮ್ಮವರು ಗೋಡೆಗೆ ಮುಖ ಮಾಡಿ ಕೂತಿದ್ದರು. ಗಡ್ಡ ಬೆಳೆದಿತ್ತು, ಕತ್ತು ಕಡ್ಡಿಯಾಗಿತ್ತು. ನನ್ನ ದನಿ ಕೇಳಿಸಿತು. ನಾನು ಬಾಯಿ ತೆರೆದಿರಲಿಲ್ಲ. "ಇನ್ನೊಂದು ಸ್ವಲ್ಪ ಅನ್ನ ಹಾಕ್ಲಾ? ನೀವು ಸರಿಯಾಗಿ ಊಟಾನೇ ಮಾಡ್ತಿಲ್ಲ." ಅದಕ್ಕೆ ಅವರದೇ ದನಿ, "ಸಾಕು ಕಣೇ. ನೀನು ಕೂತ್ಕೋ ಮೊದ್ಲು." ಮತ್ತೆ ನನ್ನದು, "ನೀವು ಉಂಡ್ರೆ ನಾನು ಉಂಡ ಹಾಗೇ." ನಾಟಕದಲ್ಲಿ, ಬೀದಿಯಲ್ಲಿ ತೆಗೆಯುತ್ತಿದ್ದ ಅಣಕದ ದನಿ ಆಗಿರಲಿಲ್ಲ ಅದು. ನನಗೇ ನನ್ನ ದನಿ ಅಷ್ಟು ಚೆನ್ನಾಗಿ ಬರುವುದಿಲ್ಲ.

"ರೀ" ಎಂದೆ. ಓಡಿಹೋಗಿ ಅವರ ಭುಜ ಹಿಡಿದೆ. "ರೀ, ನಾನು. ಮನೆಗೆ ಬನ್ನಿ. ಸಾಕು, ಮನೆಗೆ ಬನ್ನಿ!"

ಅವರು ತಿರುಗಿ ನನ್ನನ್ನು ನೋಡಿದರು. ಪರಿಚಯವಿಲ್ಲದ ಹೆಂಗಸು ಮೈಮೇಲೆ ಬಿದ್ದರೆ ಮರ್ಯಾದಸ್ಥರು ಮುದುಡಿಕೊಳ್ಳುತ್ತಾರಲ್ಲ, ಹಾಗೆ ಮುದುಡಿಕೊಂಡು, ತುಟಿಯ ಮೇಲೆ ಬೆರಳಿಟ್ಟರು. "ಸ್ವಲ್ಪ ಸುಮ್ನಿರಿ ತಾಯೀ. ನಮ್ಮನೆಯವಳು ಮಾತಾಡ್ತಿದ್ದಾಳೆ."

ನಾನು ಅಲ್ಲೇ ಕುಸಿದು ಅತ್ತೆ. ಎಷ್ಟು ಹೊತ್ತು ಅತ್ತೆನೋ ಗೊತ್ತಿಲ್ಲ. ತಲೆಯೆತ್ತಿ ನೋಡಿದರೆ ಕ್ಯಾಮೆರಾ ನನ್ನ ಮುಖದ ಹತ್ತಿರಕ್ಕೆ ಬಂದು ನಿಂತಿತ್ತು. ಅದರ ಹಿಂದೆ ವಿಶ್ವಂಭರ, ಎರಡೂ ಕೈ ಎದೆಗೆ ಒತ್ತಿಕೊಂಡಿದ್ದ. ಅವನ ಕಣ್ಣಲ್ಲೂ ನೀರಿತ್ತು. ಆದರೆ ನಿಲ್ಲಿಸಿ ಎಂದು ಅವನ ಬಾಯಿಂದ ಬರಲಿಲ್ಲ. ಕ್ಯಾಮೆರಾದ ಆ ಸಣ್ಣ ಗಿರಗಿರ ಸದ್ದು ರೀಲು ಮುಗಿಯುವವರೆಗೂ ನಡೆದೇ ಇತ್ತು.

ಖಾಸಿಂ ಮತ್ತು ನಾನು ಅವರನ್ನು ಎತ್ತಿ ದೋಣಿಗೆ ಹಾಕಿಕೊಂಡೆವು. ಯಾರೂ ತಡೆಯಲಿಲ್ಲ, ಅವರಿಗೆ ಬೇಕಾದದ್ದು ಸಿಕ್ಕಿತ್ತು. ನಡುಹೊಳೆ ದಾಟುವಾಗ ನನ್ನ ಸೀರೆಗೆ ಹಳದಿ ಬಂತು, ಖಾಸಿಮನ ಟೋಪಿಗೆ ಹಸಿರು ಬಂತು. ನಮ್ಮವರಿಗೆ ಬಣ್ಣ ಬಂತೋ ಇಲ್ಲವೋ ಎಂದು ಅವರ ಮುಖವನ್ನೇ ನೋಡುತ್ತಿದ್ದೆ, ತಿಳಿಯಲಿಲ್ಲ. ಅವರು ತಮ್ಮ ಪಕ್ಕದ ಖಾಲಿ ಹಲಗೆಯನ್ನು ತಟ್ಟುತ್ತಾ, "ಹೆದರ್ಬೇಡ, ಈಜು ಬರದಿದ್ರೇನು, ನಾನಿಲ್ವಾ" ಎನ್ನುತ್ತಿದ್ದರು.

ಮನೆಯಲ್ಲಿ ಈಗ ಮೂರು ಜನರ ಸಂಸಾರ. ಅವರು, ಅವರ ಮಂಗಳಾ, ಮತ್ತೆ ನಾನು. ಹುಚ್ಚ ಎಂದು ನೀವು ಅವರನ್ನು ಕಂಡರೆ ಹೇಳಲಾರಿರಿ. ತಾವೇ ಸ್ನಾನ ಮಾಡುತ್ತಾರೆ, ಬಟ್ಟೆ ಒಗೆದುಕೊಳ್ಳುತ್ತಾರೆ, ಬಂದವರನ್ನು ಕೂರಿಸಿ ಮಾತಾಡಿಸುತ್ತಾರೆ. ಕಂಪನಿಯವರು ಬಂದು ಹಳೆಯ ನಾಟಕದ ಮಾತು ತೆಗೆದರೆ ಒಂದಕ್ಷರ ತಪ್ಪದೆ ಒಪ್ಪಿಸುತ್ತಾರೆ. ನಾನು ಮಾತಾಡಿದರೆ ಮಾತ್ರ ಬೆಚ್ಚುತ್ತಾರೆ. ಒಂದೇ ದನಿ ಎರಡು ಕಡೆಯಿಂದ ಬಂದರೆ ಯಾರಿಗಾದರೂ ಭಯವಾಗುತ್ತದೆ. ಅದಕ್ಕೆ ನಾನು ಮನೆಯೊಳಗೆ ಮಾತು ಬಿಟ್ಟೆ. ಸದ್ದಿಲ್ಲದೆ ತಟ್ಟೆ ಇಟ್ಟು ಹಿಂದೆ ಸರಿದರೆ, "ಬನ್ರೀ, ಬಿಸಿಬಿಸಿಯಾಗಿದೆ" ಎಂದು ಅವಳು ಕರೆಯುತ್ತಾಳೆ, ಅವರು ಉಣ್ಣುತ್ತಾರೆ. ಅವಳಿಗೆ ನನ್ನ ಹಾಗೆ ಸಿಟ್ಟು ಬರುವುದಿಲ್ಲ. ಸೊಂಟನೋವು ಎನ್ನುವುದಿಲ್ಲ. ಅವರು ಹೇಳಿದ್ದನ್ನೇ ಹತ್ತು ಸಲ ಹೇಳಿದರೂ ಹೊಸದಾಗಿ ಕೇಳಿದ ಹಾಗೆ ನಗುತ್ತಾಳೆ. ನಾನು ಮೆಷಿನ್ನು ತುಳಿಯುತ್ತಾ ಆ ನಗುವನ್ನು ಕೇಳಿಸಿಕೊಳ್ಳುತ್ತಿದ್ದೆ. ಹೊಟ್ಟೆಕಿಚ್ಚು ಎಂದರೆ ಏನೆಂದು ನನಗೆ ಆ ವಯಸ್ಸಿನಲ್ಲಿ ತಿಳಿಯಿತು.

ಮರುವರ್ಷ ಚಿತ್ರ ಬಂತು. ಎಲ್ಲೆಲ್ಲೋ ದೇಶಗಳಲ್ಲಿ ಪ್ರಶಸ್ತಿಗಳು ಬಂದವಂತೆ. ನಮ್ಮೂರ ಟಾಕೀಸಿಗೆ ಮಾವಿನೆಲೆ ಕಟ್ಟಿದರು. ಮಧ್ಯಾಹ್ನದ ಮೊದಲ ಆಟಕ್ಕೆ ವಿಶ್ವಂಭರನೇ ಬಂದು ನಮ್ಮವರಿಗೆ ಶಾಲು ಹೊದಿಸಿದ. ನನ್ನ ಹತ್ತಿರ ಬಂದು, "ಆ ಹೆಂಗಸು ಯಾರು ಅಂತ ಎಲ್ಲಾ ಕಡೆ ಕೇಳಿದ್ರು ಅಮ್ಮಾ" ಎಂದ.

"ಏನು ಹೇಳಿದ್ರಿ?"

"ಅವನ ಭ್ರಮೆ ಅಂದೆ."

ನಾನು ಅವನ ಮುಖಕ್ಕೆ ಉಗುಳಬಹುದಿತ್ತು. ಆದರೆ ಆಗಲೇ ದೀಪ ಆರಿಸಿದರು.

ಚಿತ್ರ ಚೆನ್ನಾಗಿತ್ತು. ಅದನ್ನೂ ಹೇಳಲೇಬೇಕು. ಗೋಡೆಯ ಬಿರುಕು, ಸಾಲಾಗಿ ಖಾಲಿ ಮಂಚಗಳು, ಸತ್ತವರ ಹೆಸರು ಕೂಗಿ ಹಾಜರಿ ತೆಗೆದುಕೊಳ್ಳುವ ನಮ್ಮವರ ಬಾಯಿ. ಟಾಕೀಸಿನಲ್ಲಿ ಕೆಮ್ಮುವವರೂ ಇರಲಿಲ್ಲ. ಒಬ್ಬರೂ ನಗಲಿಲ್ಲ. ಅವರು ಬಯಸಿದ್ದು ಅದನ್ನೇ. ನಾನು ಪಕ್ಕಕ್ಕೆ ತಿರುಗಿ ನೋಡಿದೆ; ಅವರು ತಮ್ಮ ಮಂಗಳಾಳೊಡನೆ ಪಿಸುಪಿಸು ಮಾತಾಡುತ್ತಾ ಶಾಲಿನ ಗೊಂಡೆ ಹೆಣೆಯುತ್ತಿದ್ದರು. ಪರದೆಯ ಕಡೆ ಲಕ್ಷ್ಯವೇ ಇರಲಿಲ್ಲ. ಅಷ್ಟರಲ್ಲಿ ಪರದೆಯ ಮೇಲೆ ಬಾಗಿಲಿನಿಂದ ನಾನು ಓಡಿಬಂದೆ. ಮೂರಾಳೆತ್ತರದ ನಾನು. "ಮನೆಗೆ ಬನ್ನಿ. ಸಾಕು, ಮನೆಗೆ ಬನ್ನಿ!" ನಮ್ಮವರು ಧಡಕ್ಕನೆ ಎದ್ದು ನಿಂತರು. "ಅಗೋ ಬಂದ್ಲು! ಅಗೋ ನಮ್ಮ ಮಂಗಳಾ!" ಎಂದು ಪರದೆಗೆ ಕೈಚಾಚಿ ಕೂಗಿದರು. ಜನ ಚಪ್ಪಾಳೆ ತಟ್ಟಿದರು. ನಾನು ಅವರ ಕೈಹಿಡಿದು ಜಗ್ಗಿದರೆ, ಯಾರು ಎಂಬಂತೆ ನೋಡಿ ಕೈ ಬಿಡಿಸಿಕೊಂಡರು.

ಚಿತ್ರ ಇದ್ದಷ್ಟು ದಿನವೂ ಅವರು ಟಾಕೀಸಿಗೆ ಹೋದರು. ಆ ಒಂದು ದೃಶ್ಯಕ್ಕೆ ಎದ್ದು ನಿಲ್ಲುತ್ತಿದ್ದರು. ನನಗೆ ಒಂದು ಆಸೆ ಹುಟ್ಟಿತು. ಬಣ್ಣವಿಲ್ಲದ ನನ್ನನ್ನು, ಆ ಬಾಗಿಲಲ್ಲಿ, ಆ ಮಾತು ಹೇಳುವಾಗ ಅವರು ಗುರುತು ಹಿಡಿಯುತ್ತಾರೆ ಎಂದರೆ, ಅಲ್ಲಿಗೇ ಕರೆದುಕೊಂಡು ಹೋದರೆ? ಖಾಸಿಮನಿಗೆ ಹೇಳಿದೆ. ಅವನಿಗೆ ಮನಸ್ಸಿರಲಿಲ್ಲ. "ಬೇಡ ಅಕ್ಕಾ. ಹೋಗಿರೋದು ಸಾಕು."

"ಇಬ್ಬರಿದ್ದೀವಲ್ಲೋ. ಜೋಡಿ ಇದ್ರೆ ಏನೂ ಆಗಲ್ಲ."

ಅವನು ಬೆಳಿಗ್ಗೆ ನಮ್ಮಿಬ್ಬರನ್ನು ಇಳಿಸಿ, ಸಂಜೆ ಬರುತ್ತೇನೆಂದು ಹೋದ. ಅವರನ್ನು ಅದೇ ಪಡಸಾಲೆಯಲ್ಲಿ ಅದೇ ಗೋಡೆಗೆ ಮುಖ ಮಾಡಿಸಿ ಕೂರಿಸಿದೆ. ಹೊರಗೆ ಹೋಗಿ ಓಡಿಬಂದೆ. ಭುಜ ಹಿಡಿದೆ. "ರೀ, ಮನೆಗೆ ಬನ್ನಿ." ಅವರು ನನ್ನ ತಲೆಯ ಮೇಲಿಂದ ಬಾಗಿಲಿನ ಕಡೆ ನೋಡಿದರು, ನನ್ನ ಹಿಂದೆ ಇನ್ಯಾರೋ ಬರುತ್ತಾರೆ ಎನ್ನುವ ಹಾಗೆ. ಮತ್ತೆ ಹೊರಗೆ ಹೋದೆ, ಮತ್ತೆ ಬಂದೆ. ಅತ್ತುಕೊಂಡು ಬಂದೆ, ನಗುತ್ತಾ ಬಂದೆ, ಬೈದುಕೊಂಡು ಬಂದೆ. ಮದುವೆಯಾದ ಹೊಸದರಲ್ಲಿ ಅವರು ನನ್ನನ್ನು ಕರೆಯುತ್ತಿದ್ದ, ಯಾರಿಗೂ ಗೊತ್ತಿಲ್ಲದ ಹೆಸರು ಹೇಳಿದೆ. ಆಗ ಅವರು ನಕ್ಕರು. ನಾನು ಇನ್ನೂ ಹತ್ತಿರ ಸರಿದೆ. ಅವರು ಗೋಡೆಯ ಕಡೆ ತಿರುಗಿ, "ನೋಡಿದ್ಯಾ, ಈಯಮ್ಮನಿಗೂ ಗೊತ್ತಂತೆ ಆ ಹೆಸರು" ಎಂದರು. ಗೋಡೆಯಿಂದ ನನ್ನ ದನಿ ನಾಚಿಕೊಂಡು ನಕ್ಕಿತು.

ಆಮೇಲೆ ನಾನು ಹೊರಗೆ ಕಲ್ಲಿನ ಮೇಲೆ ಕೂತೆ. ಒಳಗೆ ಅವರಿಬ್ಬರ ಮಾತು ನಡೆದೇ ಇತ್ತು. ಅಲ್ಲಿಂದ ಊರು ಬೂದಿಯಲ್ಲಿ ಬರೆದ ಚಿತ್ರದ ಹಾಗೆ ಕಾಣುತ್ತಿತ್ತು. ಯಾವ ತಾರಸಿ ನಮ್ಮದೆಂದು ಗೊತ್ತಾಗಲಿಲ್ಲ.

ಸಂಜೆ ಖಾಸಿಂ ಬಂದ. ನಡುಹೊಳೆ ದಾಟಿದೆವು. ದಂಡೆ ಬಂತು. ನಾನು ಕಣ್ಣು ಉಜ್ಜಿಕೊಂಡೆ. ಖಾಸಿಮನ ಟೋಪಿ ಇನ್ನೂ ಬೂದಿಯಾಗಿಯೇ ಇತ್ತು. ದಂಡೆಯ ಕಣಗಿಲೆ ಗಿಡ, ಪೆಟ್ಟಿಗೆ ಅಂಗಡಿಯವನ ಬಾಳೆಹಣ್ಣಿನ ಗೊನೆ, ನನ್ನ ಸೆರಗು, ಎಲ್ಲವೂ ಬಂಡೆಯಲ್ಲಿದ್ದ ಹಾಗೇ. ನಾವಿಬ್ಬರು ಹೋಗಿದ್ದೆವು. ದಿನವಿಡೀ ಅವರು ಮಾತಾಡುತ್ತಲೇ ಇದ್ದರು, ನಾನೂ ಮಾತಾಡುತ್ತಲೇ ಇದ್ದೆ. ಆದರೂ ಬಂಡೆಯ ಲೆಕ್ಕದಲ್ಲಿ ನಾನು ಅಲ್ಲಿ ಒಬ್ಬಳೇ ಇದ್ದೆ. "ಏನಕ್ಕಾ?" ಎಂದು ಖಾಸಿಂ ಕೇಳಿದ. ನಾನು ಏನಿಲ್ಲ ಎಂದೆ. ಅವನಿಗೆ ಅರ್ಥವಾಯಿತು, ಹುಟ್ಟು ಕೆಳಗಿಟ್ಟು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

ಅದೇ ವಾರ ಅಧ್ಯಕ್ಷರ ಸೊಸೆಯ ಗಿಳಿಹಸಿರು ರವಿಕೆಗೆ ಕೆಂಪು ದಾರ ಹಾಕಿಕೊಟ್ಟೆನಂತೆ. ಅವಳು ಜಗಳವಾಡಲಿಲ್ಲ. ನನ್ನ ಕಣ್ಣನ್ನೇ ಸ್ವಲ್ಪ ಹೊತ್ತು ನೋಡಿ, ರವಿಕೆ ಮಡಿಸಿಕೊಂಡು ಬೇಗ ಬೇಗ ಹೊರಟುಹೋದಳು. ಮಾತು ಹರಡಿತು. ಈಗ ಹೆಂಗಸರು ದಾರವನ್ನೂ ತಾವೇ ತಂದು ಕೊಡುತ್ತಾರೆ. ಮದುವೆ ಬಟ್ಟೆ ಯಾರೂ ಕೊಡುವುದಿಲ್ಲ. ಬಂಡೆಯ ಮೇಲೆ ಈಗೀಗ ಹೊರಗಿನವರು ಪ್ಲೇಗಿನ ಮನೆ ನೋಡಲು ಬರುತ್ತಾರೆ. ಪುರಸಭೆಯವರು ದಂಡೆಯಲ್ಲಿ ನಮ್ಮವರ ಮುಖದ ದೊಡ್ಡ ಚಿತ್ರ ನಿಲ್ಲಿಸಿದ್ದಾರೆ.

ಮೊನ್ನೆ ಮಧ್ಯಾಹ್ನ ಅವರಿಗೆ ತಟ್ಟೆ ಇಟ್ಟು, ನಾನು ಎಂದಿನಂತೆ ಮೆಷಿನ್ನಿನ ಹತ್ತಿರ ನನ್ನ ತಟ್ಟೆ ಹಿಡಿದು ಕೂತಿದ್ದೆ. ಅಡುಗೆಮನೆಯಲ್ಲಿ ನಮ್ಮವರ ದನಿ ತಗ್ಗಿತು. "ಪಾಪ ಕಣೇ, ಆಯಮ್ಮ ದಿನಾ ಒಬ್ಬಳೇ ಕೂತು ಉಣ್ತಾಳೆ. ಕರಿ."

ಆಮೇಲೆ ನನ್ನ ದನಿ, ನಾನು ಯಾರನ್ನೂ ಎಂದೂ ಕರೆಯದಷ್ಟು ಅಕ್ಕರೆಯಿಂದ, ಒಳಗಿನಿಂದ ನನ್ನನ್ನು ಕರೆಯಿತು. "ಬನ್ನಿ ಅಕ್ಕಾ, ಸಂಕೋಚ ಬೇಡ. ನಮ್ಮ ಜೊತೆ ಊಟ ಮಾಡಿ, ಬನ್ನಿ."

ನಾನು ತಟ್ಟೆ ಎತ್ತಿಕೊಂಡು ಒಳಗೆ ಹೋದೆ. ಅವರು ಸರಿದು ಜಾಗ ಮಾಡಿಕೊಟ್ಟರು.